ಅಮ್ಮಾಜಮ್ಮನ ನಲವತ್ತು ಸಾವಿರ ಕಣಜ

ಹುಳುಹುಪ್ಪಟೆಯ ವಿಷಯದಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಎರಡೂ ತಾಲ್ಲೂಕನ್ನು ಸೇರಿಸಿ ಜರಡಿ ಹಿಡಿದರೂ ನನ್ನಂಥವನು ಸಿಗುವುದಿಲ್ಲ. ಎಲೆ ಮೇಲೆ ಕೂತ ಹುಳವನ್ನು ಹತ್ತು ಮಾರು ದೂರದಿಂದ ನೋಡಿ ಅದರ ಕುಲ ಯಾವುದು, ಯಾವ ತೋಟದಲ್ಲಿ ಹುಟ್ಟಿತು, ಯಾವ ತೋಟಕ್ಕೆ ಹೆಣ್ಣು ಕೊಟ್ಟಿದೆ, ಎಲ್ಲ ಹೇಳಬಲ್ಲೆ. ಪವರ್ ಸ್ಪ್ರೇಯರ್ ಬೆನ್ನಿಗೇರಿಸಿ ಹಗ್ಗ ಎಳೆದೆನೆಂದರೆ ಆ ಸದ್ದಿಗೇ ನನ್ನ ಟೊಮೆಟೊ ತೋಟದ ಕಾಯಿಕೊರಕಗಳು ಮಕ್ಕಳುಮರಿ ಕಟ್ಟಿಕೊಂಡು ಅಂಬಾಜಿದುರ್ಗ ಹತ್ತುತ್ತಿದ್ದವು. ಒಂದು ವರ್ಷ ಅಲ್ಲಿಯೂ ಧೈರ್ಯ ಸಾಲದೆ ಸ್ಕಂದಗಿರಿಯವರೆಗೆ ಹೋದವು. ಬೆಳಗಿನ ಜಾವ ಬೆಟ್ಟ ಹತ್ತಿದ ಬೆಂಗಳೂರಿನವರು ಮೋಡವೆಂದುಕೊಂಡು ಫೋಟೋ ಹಿಡಿದದ್ದು ಅವನ್ನೇ.

ನಾನು ಯಾರೆಂದು ಇಷ್ಟರಲ್ಲಿ ಗೊತ್ತಾಗಿರಬೇಕು. ನಲ್ಲಪ್ಪ. ಆದರೆ ಹೇಳಬೇಕಾದದ್ದು ನನ್ನ ವಿಷಯವಲ್ಲ, ಅಮ್ಮಾಜಮ್ಮನದು.

ಅಮ್ಮಾಜಮ್ಮ ನನ್ನ ಹೆಂಡತಿಯ ತಂಗಿ. ಮುರುಗಮಲ್ಲದ ಪಕ್ಕದ ಹಳ್ಳಿಯವರು. ಅಕ್ಕನನ್ನು ನನಗೆ ಕೊಟ್ಟರು, ಆರು ವರ್ಷ ಬಿಟ್ಟು ತಂಗಿಯನ್ನು ನಮ್ಮ ಬೀದಿಯ ಕೊನೆ ಮನೆಯ ಚನ್ನಕೇಶವನಿಗೆ ಕೊಟ್ಟರು. ಬಾವ ಎಂದು ಕರೆದು ಏನು ಬೇಕಾದರೂ ಅನ್ನುವ ಹಕ್ಕು ಅವಳಿಗೆ ನನ್ನ ಮದುವೆಯ ದಿನವೇ ಬಂತು. ಆ ಹಕ್ಕಿಗೆ ತುಕ್ಕು ಹಿಡಿಯಲು ಅವಳು ಇವತ್ತಿನವರೆಗೆ ಬಿಟ್ಟಿಲ್ಲ.

ಅವಳ ಕಸುಬು ರೇಷ್ಮೆ. ಮನೆ ಕಟ್ಟುವಾಗ ಹುಳಕ್ಕೆಂದು ಒಳ್ಳೆ ಗಾಳಿ ಬೆಳಕಿನ, ಕಿಟಕಿಗೆಲ್ಲ ಬಲೆ ಹೊಡೆಸಿದ ದೊಡ್ಡ ಕೋಣೆ ಕಟ್ಟಿಸಿ, ಉಳಿದ ಜಾಗದಲ್ಲಿ ತಾನು, ಗಂಡ ಒತ್ತಿಕೊಂಡು ಇದ್ದಾರೆ. ಹುಳದ ಮನೆಗೆ ಹೋಗುವವರು ಹೊಸಲಲ್ಲಿ ಸುಣ್ಣದ ಪುಡಿ ತುಳಿಯಬೇಕು, ಬ್ಲೀಚಿಂಗ್ ನೀರಲ್ಲಿ ಕೈ ತೊಳೆಯಬೇಕು. ಹುಳಕ್ಕೆ ವಾಸನೆ ಆಗದು. ಹಾಗಾಗಿ ಒಗ್ಗರಣೆ ಹಾಕಬೇಕಾದಾಗ ಸಾರಿನ ಪಾತ್ರೆ ಹಿಡಿದುಕೊಂಡು ನಮ್ಮ ಮನೆಗೆ ಬಂದು ಹಾಕಿಸಿಕೊಂಡು ಹೋಗುತ್ತಾಳೆ. ಚನ್ನಕೇಶವ ಬೀಡಿ ಸೇದಲು ಕೆರೆ ಏರಿಗೆ ಹೋಗಬೇಕು; ಹುಳ ದೊಡ್ಡವಾದ ಮೇಲೆ ಪಕ್ಕದೂರಿಗೆ. ಒಮ್ಮೆ ಮದುವೆಗೆ ಕರೆಯಲು ಬಂದವರು ಸೆಂಟು ಹಾಕಿಕೊಂಡಿದ್ದರೆಂದು ಅವರನ್ನು ಹೊಂಗೆ ಮರದ ಕೆಳಗೇ ನಿಲ್ಲಿಸಿ, ಲಗ್ನಪತ್ರಿಕೆಯನ್ನು ಅಲ್ಲಿಂದಲೇ ಎಸೆಯಿರಿ ಎಂದಳು. ಮೂರನೇ ಎಸೆತಕ್ಕೆ ಹಿಡಿದಳು.

ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು, ಒಂದು ದಿನ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ಎದ್ದ ಹುಳ ಗೂಡು ಕಟ್ಟುತ್ತದೆ. ಗೌರಿಬಿದನೂರಿನ ಅವಳ ದೊಡ್ಡಮ್ಮನ ಸೊಸೆ ಒಮ್ಮೆ ಫೋನ್ ಮಾಡಿ ಗೃಹಪ್ರವೇಶಕ್ಕೆ ಬಾ ಎಂದಳಂತೆ.

"ಬರಕ್ಕಾಗಲ್ಲ ಕಣಮ್ಮ, ಮನೇಲಿ ಜ್ವರ," ಎಂದಳು ಇವಳು.

"ಯಾರಿಗೆ?"

"ಎಲ್ಲಾರಿಗೂ. ಅರವತ್ತು ಸಾವಿರಕ್ಕೂ."

ಆ ಹುಡುಗಿ ಮಾರನೇ ದಿನ ಮಾಸ್ಕ್ ಹಾಕಿಕೊಂಡು, ಮೂಸಂಬಿ ಹಿಡಿದುಕೊಂಡು, ಊರಿಗೇ ಏನೋ ಬಂದಿದೆಯೆಂದು ಆಟೋದಲ್ಲಿ ಬಂದಿಳಿದಳು.

ನಗುವ ಮಾತು ಇಷ್ಟು. ನಗದ ಮಾತೂ ಒಂದಿದೆ. ಹನ್ನೊಂದು ವರ್ಷದ ಹಿಂದೆ, ನಾಲ್ಕನೇ ಜ್ವರ ಎದ್ದ ಹುಳ ಒಂದೇ ಮಧ್ಯಾಹ್ನದಲ್ಲಿ ಹಸಿರು ನೀರು ಕಕ್ಕಿಕೊಂಡು ತಲೆ ಕೊಡವುತ್ತಾ ಸತ್ತವು. ಸೊಪ್ಪಿನ ಮೇಲೆ ಎಲ್ಲಿಂದಲೋ ಗಾಳಿಯಲ್ಲಿ ಔಷಧಿ ಬಂದು ಬಿದ್ದಿತ್ತು. ಅವಳು ಮೂಟೆಗಟ್ಟಲೆ ಹುಳವನ್ನು ತೆಂಗಿನ ಮರದ ಬುಡದಲ್ಲಿ ಹೂತಳು. ಯಾರ ಪಂಪಿನಿಂದ ಬಂತು ಎಂದು ಒಂದು ಮಾತೂ ಕೇಳಲಿಲ್ಲ. ಆ ವಾರ ಆ ದಿಕ್ಕಿನಲ್ಲಿ ಔಷಧಿ ಹೊಡೆದವನು ಊರಲ್ಲಿ ಒಬ್ಬನೇ. ಅವನ ಹೆಸರನ್ನು ಮೇಲೆ ಒಮ್ಮೆ ಬರೆದಾಗಿದೆ.

ಹೋದ ವರ್ಷ ನಮ್ಮ ಕೆರೆ ತುಂಬಿತು. ಎಷ್ಟೋ ವರ್ಷದ ಮೇಲೆ ತುಂಬಿದ್ದರಿಂದ ಕೆರೆಗೂ ನಂಬಿಕೆಯಾಗದೆ ಎರಡು ದಿನ ಕೋಡಿ ಹರಿಯಲಿಲ್ಲ. ಕೆರೆ ಹಿಂದೆ ನನ್ನದೊಂದು ಎಕರೆ ಗದ್ದೆ ಸುಮ್ಮನೆ ಬಿದ್ದಿತ್ತು. ಭತ್ತ ನಾಟಿ ಹಾಕಿದೆ. ಆ ಗದ್ದೆಗೂ ಅಮ್ಮಾಜಮ್ಮನ ಹಿಪ್ಪುನೇರಳೆ ತೋಟಕ್ಕೂ ನಡುವೆ ಒಂದೇ ಬದು.

ಭತ್ತ ಹೇಗೆ ಬಂತೆಂದರೆ, ಬೆಳಿಗ್ಗೆ ಬದುವಿನ ಮೇಲೆ ಟವೆಲ್ ಇಟ್ಟು ಮುಖ ತೊಳೆದು ಬರುವಷ್ಟರಲ್ಲಿ ಪೈರು ಬೆಳೆದು ಟವೆಲ್ಲನ್ನು ಮುಚ್ಚಿಬಿಡುತ್ತಿತ್ತು. ಒಂದು ತಿಂಗಳು ಈ ವೈಭೋಗ. ಆಮೇಲೆ ಅಲ್ಲಲ್ಲಿ ಸುಳಿ ಒಣಗತೊಡಗಿತು. ಒಣಗಿದ ಸುಳಿ ಹಿಡಿದೆಳೆದರೆ ಬೆಣ್ಣೆಯಿಂದ ಕೂದಲು ಎಳೆದಂತೆ ಕೈಗೆ ಬರುತ್ತಿತ್ತು. ಕಾಂಡ ಸೀಳಿದರೆ ಒಳಗೆ ಹುಳ. ಎಲೆ ತುದಿಯಲ್ಲಿ ಕಂದು ತುಪ್ಪಳ ಹೊದ್ದ ಮೊಟ್ಟೆಯ ಗುಂಪು, ಮೇಲೆ ಹಳದಿ ಪತಂಗ. ಕಾಂಡಕೊರಕ.

ಅವತ್ತೇ ಹೋಗಿ ಔಷಧಿ ಬಾಟಲಿ ತಂದು, ಸ್ಪ್ರೇಯರ್ ಬೆನ್ನಿಗೇರಿಸಿ, ಗದ್ದೆಗೆ ಹೋದೆ. ಬದುವಿನ ಮೇಲೆ ಅಮ್ಮಾಜಮ್ಮ ಸೊಪ್ಪಿನ ಹೊರೆ ಪಕ್ಕಕ್ಕಿಟ್ಟು ನಿಂತಿದ್ದಳು.

"ಬಾವ, ಬೆನ್ನ ಮೇಲೆ ಏನದು?"

"ಔಷಧಿ ಕಣಮ್ಮ."

"ಯಾರಿಗೆ ಹುಷಾರಿಲ್ಲ?"

"ಗದ್ದೆಗೆ."

"ಗಾಳಿ ಯಾವ ಕಡೆಗಿದೆ ಅಂತ ನೋಡಿದ್ರಾ?"

ನೋಡಿದೆ. ನನ್ನ ಟವೆಲ್ಲಿನ ತುದಿ ಅವಳ ತೋಟದ ಕಡೆಗೆ ಕೈ ತೋರಿಸುತ್ತಿತ್ತು.

"ನೆನ್ನೆ ಮೂರನೇ ಜ್ವರ ಎದ್ದಿವೆ," ಎಂದಳು. "ಇನ್ನು ಹನ್ನೆರಡು ದಿನ. ಗೂಡಿಗೆ ಹತ್ತಿದ ಮೇಲೆ ನೀವು ಆ ಔಷಧೀನ ಗದ್ದೆಗೆ ಹೊಡೀತೀರೋ, ತಲೆಗೆ ಸ್ನಾನ ಮಾಡ್ತೀರೋ, ನಾನು ಕೇಳಲ್ಲ."

"ಹನ್ನೆರಡು ದಿನಕ್ಕೆ ಗದ್ದೇಲಿ ಹುಲ್ಲೂ ಇರಲ್ಲ ಅಮ್ಮಾಜಿ. ಹುಳ ನನ್ನ ಪಂಚೆಗೆ ಬಾಯಿ ಹಾಕ್ತವೆ."

"ಮೂರು ದಿನ ಕೊಡಿ ಹಂಗಾದ್ರೆ. ಬೇರೆ ದಾರಿ ನೋಡ್ತೀನಿ."

ನಾನು ಒಪ್ಪುವವನಲ್ಲ. ಆದರೆ ಅವಳ ಹಿಂದೆ ಅವಳ ಅಕ್ಕ, ಅಂದರೆ ನನ್ನ ಹೆಂಡತಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದು ನಿಂತಳು. ಹಾಗಾಗಿ ನನ್ನ ಮನಸ್ಸು ತಾನಾಗಿಯೇ ಕರಗಿತು.

ಸಂಜೆ ಅಮ್ಮಾಜಮ್ಮ ನಮ್ಮ ಜಗಲಿಯಲ್ಲಿ ಕೂತು, ಫೋನನ್ನು ಸ್ಪೀಕರ್‌ಗೆ ಹಾಕಿ ಭಾನುಪ್ರಿಯಾ ಮೇಡಂ ಜೊತೆ ಮಾತಾಡಿದಳು. ಮೇಡಂ ನಮ್ಮ ಹೋಬಳಿಯ ಕೃಷಿ ಅಧಿಕಾರಿ. ಗದ್ದೆ, ಹುಳ, ಸೊಪ್ಪು, ಬಾವ, ಎಲ್ಲ ಕಷ್ಟವನ್ನೂ ಕೇಳಿಕೊಂಡ ಮೇಡಂ ಹೇಳಿದರು: "ಔಷಧಿ ಯಾಕೆ ಅಮ್ಮಾಜಮ್ಮನೋರೆ, ಕಣಜ ಬಿಡಣ. ಎಕರೆಗೆ ನಲವತ್ತು ಸಾವಿರ. ನಾಳೆ ಸ್ಕೂಟಿಯಲ್ಲಿ ತಂದುಕೊಡ್ತೀನಿ."

ನನ್ನ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. ಭತ್ತ ಬೆಳೆಯುವವನ ಕಿವಿಗೆ ಕಣಜ ಅಂದರೆ ಒಂದೇ ಅರ್ಥ, ಕಾಳು ತುಂಬುವ ಕಣಜ. ಒಂದು ಎಕರೆಗೆ ನಲವತ್ತು ಸಾವಿರ ಕಣಜ ಸರ್ಕಾರ ಕೊಡುತ್ತದೆಂದರೆ, ಬೆಳೆ ಎಷ್ಟು ಬರುತ್ತದೆಂದು ಅವರು ಲೆಕ್ಕ ಹಾಕಿರಬೇಡ! ರಾತ್ರಿಯೆಲ್ಲ ಹೊರಳಾಡಿದೆ. ಬೆಳಿಗ್ಗೆ ಎದ್ದು ಹಜಾರದಲ್ಲಿದ್ದ ಮಂಚ, ಬೀರು, ಹೊಲಿಗೆ ಮಿಷನ್ ಎಲ್ಲ ಹಿತ್ತಲಿಗೆ ಸಾಗಿಸಿದೆ. ಉಳಿದ ಕಣಜಗಳನ್ನು ಇಡಲು ನಮ್ಮ ಬೀದಿಯ ರಾಮಾಂಜಿನಪ್ಪನ ಖಾಲಿ ಸೈಟು ಕೇಳಿಕೊಂಡು ಬಂದೆ. ಸ್ಕೂಟಿಯಲ್ಲಿ ಹೇಗೆ ತರುತ್ತಾರೆ ಎಂಬುದೊಂದೇ ಅನುಮಾನ. ಮಡಿಸುವ ಕಣಜ ಬಂದಿರಬೇಕು ಎಂದುಕೊಂಡೆ.

ಮೇಡಂ ಬಂದರು. ವ್ಯಾನಿಟಿ ಬ್ಯಾಗಿನಿಂದ ಒಂದು ಕಾಗದದ ಕವರ್ ತೆಗೆದು ಅಮ್ಮಾಜಮ್ಮನ ಕೈಗಿಟ್ಟರು.

"ಕಣಜ ಎಲ್ಲಿ ಮೇಡಂ?" ಎಂದೆ.

"ಇದರಲ್ಲೇ ಇದಾವೆ ಅಂಕಲ್, ನಲವತ್ತು ಸಾವಿರ. ಇನ್ನೊಂದೆರಡು ದಿನಕ್ಕೆ ಎದ್ದು ಹಾರ್ತವೆ."

ಹಾರುತ್ತವೆ ಅಂದ ಕೂಡಲೇ ನನಗೆ ಕಣಜ ಎಂಬ ಮಾತಿನ ಇನ್ನೊಂದು ಅರ್ಥ ನೆನಪಾಯಿತು. ಚಿಕ್ಕವನಿದ್ದಾಗ ಒಂದೇ ಒಂದು ಕಣಜ ಕಚ್ಚಿ ನನ್ನ ಕಿವಿ ಮೊರದಷ್ಟಾಗಿತ್ತು. ಎರಡು ದಿನ ಆ ಕಿವಿಯಲ್ಲಿ ಅಮ್ಮ ರಾಗಿ ಕೇರಿದಳು. ಮೇಡಂ ಮುಂದೆ ಏನು ಹೇಳಿದರೋ, ಅಷ್ಟರಲ್ಲಿ ನಾನು ನಮ್ಮ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡಾಗಿತ್ತು.

ಹೇಳಿದ್ದನ್ನು ನನ್ನ ಹೆಂಡತಿ ವರದಿ ಮಾಡಿದ್ದು ನಾಲ್ಕು ದಿನ ತಡವಾಗಿ. ಈ ಕಣಜ ಅಂಥ ಕಣಜವಲ್ಲ. ಬರೆಯುವಾಗ ವಾಕ್ಯದ ಕೊನೆಗೆ ಇಡುತ್ತೇವಲ್ಲ ಚುಕ್ಕಿ, ಅದರ ಮೇಲೆ ಎರಡು ಕೂತರೂ ಇನ್ನೊಂದಕ್ಕೆ ಜಾಗ ಉಳಿಯುತ್ತದೆ. ಅದು ಗದ್ದೆಯಲ್ಲಿ ಪತಂಗದ ಮೊಟ್ಟೆ ಹುಡುಕಿ, ಆ ಮೊಟ್ಟೆಯ ಒಳಗೆ ತನ್ನ ಮೊಟ್ಟೆ ಇಡುತ್ತದೆ. ಕಾಂಡ ಕೊರೆಯುವ ಮರಿ ಹುಟ್ಟಬೇಕಾದ ಕಡೆ ಇನ್ನೊಂದು ಕಣಜ ಹುಟ್ಟುತ್ತದೆ.

ಅದನ್ನು ಕೇಳಿ ಅಮ್ಮಾಜಮ್ಮ ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳಂತೆ. "ಇದು ಊಜಿ ನೊಣದ ಬುದ್ಧಿ ಅಲ್ವಾ ಮೇಡಂ?" ಎಂದಳಂತೆ. ಊಜಿ ನೊಣವೆಂದರೆ ರೇಷ್ಮೆ ಸಾಕುವವರ ಜನ್ಮವೈರಿ. ಹುಳದ ಮೈಮೇಲೆ ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಅದರ ಮರಿ ಹುಳದ ಒಳಗೆ ಸೇರಿ ಉಂಡು ಬೆಳೆಯುತ್ತದೆ. ಮದುವೆಯಾಗಿ ಬಂದ ವರ್ಷ ಅವಳ ಮೊದಲ ಬೆಳೆಯನ್ನು ನುಂಗಿದ್ದು ಅದೇ. ಮನೆ ಕಿಟಕಿಯ ಬಲೆಯೆಲ್ಲ ಅದರ ಹೆದರಿಕೆಗೆ ಹಾಕಿಸಿದ್ದು. "ಮೂವತ್ತು ವರ್ಷ ನನ್ನ ಎದುರಿಗೆ ನಿಂತಿತ್ತು ಆ ಬುದ್ಧಿ. ಒಂದು ಸಲನಾದ್ರೂ ನಮ್ಮ ಕಡೆ ಬಂತಲ್ಲ," ಎಂದಳಂತೆ. ತನ್ನ ಹುಳಕ್ಕೆ ಇದರಿಂದ ಏನೂ ಆಗುವುದಿಲ್ಲ, ಇದಕ್ಕೆ ಬೇಕಾದ್ದು ಮೊಟ್ಟೆ ಮಾತ್ರ ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

"ಇಂಥವಕ್ಕೆ ಪರತಂತ್ರ ಜೀವಿ ಅಂತಾರೆ," ಎಂದರಂತೆ ಮೇಡಂ. "ತಾವಾಗಿ ಬದುಕಲ್ಲ, ಇನ್ನೊಬ್ಬರ ಒಳಗೇ ಬೆಳೀತವೆ."

ಅಮ್ಮಾಜಮ್ಮ ಜಗಲಿಯಲ್ಲಿ ಕಾಫಿಗೆ ಕಾಯುತ್ತಾ ಕೂತಿದ್ದ ಚನ್ನಕೇಶವನನ್ನು ನೋಡಿದಳು. "ನಮ್ಮನೇಲೂ ಒಂದಿದೆ ಮೇಡಂ."

ಕವರಿನೊಳಗಿದ್ದದ್ದು ಎರಡು ಕಾರ್ಡು. ಬಸ್ ಪಾಸಿನಷ್ಟು ಅಗಲ, ಮೇಲೆ ಕಪ್ಪು ಎಳ್ಳನ್ನು ಇನ್ನೂ ಪುಡಿ ಮಾಡಿ ಅಂಟಿಸಿದ ಹಾಗೆ ಮೊಟ್ಟೆ. ಮಳೆ ಇಲ್ಲದ ಹೊತ್ತು ನೋಡಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಐದೈದು ಮೀಟರಿಗೊಂದರಂತೆ ಭತ್ತದ ಎಲೆಯ ಅಡಿಗೆ ಕಟ್ಟಬೇಕು ಎಂದು ಹೇಳಿ ಮೇಡಂ ಹೋದರು. ಅವರ ಸ್ಕೂಟಿ ಊರ ಬಾಗಿಲು ದಾಟುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ಎಂಥ ಮಳೆಯೆಂದರೆ ಕಪ್ಪೆಗಳೇ ಜಗಲಿಗೆ ಹತ್ತಿ ಒದ್ದೆ ಕಾಲು ಒರೆಸಿಕೊಂಡವು.

ಇಲ್ಲಿ ಅಮ್ಮಾಜಮ್ಮ ರೇಷ್ಮೆಯವರು ಮಾತ್ರ ಮಾಡುವ ಕೆಲಸ ಮಾಡಿದಳು. ರೇಷ್ಮೆ ಮೊಟ್ಟೆ ಕಪ್ಪಿಗೆ ತಿರುಗಿತೆಂದರೆ ಹುಳ ಏಳುವ ಹೊತ್ತು ಬಂತೆಂದು ಅರ್ಥ. ಆಗ ಮೊಟ್ಟೆಯ ಹಾಳೆಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಟ್ಟು, ಬೇಕಾದ ದಿನ ಬೆಳಿಗ್ಗೆ ಬೆಳಕಿಗೆ ತೆರೆದರೆ, ಮುಂದೆ ಹಿಂದೆ ಆಗದೆ ಎಲ್ಲ ಒಟ್ಟಿಗೆ ಏಳುತ್ತವೆ. ಈಗ ಎರಡು ಜ್ವರ ದಾಟಿದ ಮರಿಯನ್ನೇ, ಅಂದರೆ ಚಾಕಿ ಹುಳವನ್ನೇ, ಕೊಂಡು ತರುವುದರಿಂದ ಆ ಕೆಲಸ ಮನೆಯಲ್ಲಿ ಯಾರೂ ಮಾಡುವುದಿಲ್ಲ. ಅವಳು ಮಾಡಿದಳು. ಕಾರ್ಡುಗಳನ್ನು ಬಿದಿರು ತಟ್ಟೆಯಲ್ಲಿಟ್ಟು ತನ್ನ ಹಳೇ ಕರಿ ಸೀರೆ ಹೊದಿಸಿದಳು. ಫೋನಿನಲ್ಲಿ ಮೇಡಮ್ಮಿಗೆ ಹೇಳಿದರೆ ಅವರು, "ಇದನ್ನ ನಾನು ಎಲ್ಲೂ ಓದಿಲ್ಲಮ್ಮ. ನಿಮಗೆ ಸರಿ ಕಂಡ್ರೆ ನೋಡಿ, ಮಳೆ ಬಿಟ್ಟ ತಕ್ಷಣ ಗದ್ದೆಗೆ ಒಯ್ದುಬಿಡಿ," ಎಂದರು.

ನಾನು ಕೊಟ್ಟ ಗಡುವಿನ ಮೂರನೇ ದಿನ ಮುಗಿದು, ಮಾರನೇ ಬೆಳಿಗ್ಗೆ ಮಳೆ ಬಿಟ್ಟಿತು. ಬಿಸಿಲು ಬಿತ್ತು. ನಾನು ಗಡುವು ಮುಗಿಯಿತು ಎಂದು ಹೇಳಿ ಬರಲು ಹೊರಟೆ. ಹೋಗುವವನ ಕೈಗೆ ಹೆಂಡತಿ ಬಸ್ಸಾರಿನ ಪಾತ್ರೆ ಕೊಟ್ಟಳು. ಸುದ್ದಿ ಕೆಟ್ಟದ್ದಿದ್ದರೂ ಸಾರು ಚೆನ್ನಾಗಿತ್ತು.

ಮನೆಯಲ್ಲಿ ಯಾರೂ ಇಲ್ಲ. ಅಮ್ಮಾಜಮ್ಮ ಆಗತಾನೇ ಕರಿ ಸೀರೆ ತೆಗೆದು, ಪಟ್ಟಿ ಕತ್ತರಿಸಲು ಕತ್ತರಿ ಇಸಿದುಕೊಂಡು ಬರಲು ಹಿಂದಿನ ಬೀದಿಗೆ ಹೋಗಿದ್ದಳು. ನಾನು ಸಾರಿಟ್ಟು ಪಡಸಾಲೆಯಲ್ಲಿ ನೋಡುತ್ತೇನೆ: ತಟ್ಟೆ, ತಟ್ಟೆಯಲ್ಲಿ ಹಾಳೆ, ಪಕ್ಕದಲ್ಲಿ ಕಪ್ಪು ಬಟ್ಟೆ, ಹಾಳೆಯ ಮೇಲೆ ಕಪ್ಪು ಚುಕ್ಕಿಗಳು ಮಿಸುಕಾಡುತ್ತಿವೆ. ಕವರಿನಲ್ಲಿ ಏನಿತ್ತೆಂದು ನಾನು ನೋಡಿರಲಿಲ್ಲ ಎಂಬುದು ನೆನಪಿರಲಿ. ಹುಳ ಕಂಡರೆ ಕುಲ ಹೇಳುವವನು ನಾನು. ಒಂದು ಕ್ಷಣವೂ ಯೋಚಿಸಲಿಲ್ಲ. ಪುಣ್ಯಾತಗಿತ್ತಿ ಹಳೇ ಕಾಲದ ಹಾಗೆ ಮನೆಯಲ್ಲೇ ಮೊಟ್ಟೆ ಕೂರಿಸಿದ್ದಾಳೆ, ರೇಷ್ಮೆ ಹುಳ ಎದ್ದಿವೆ, ಹೆತ್ತವ್ವನ ಹಾಗೆ ನೋಡಿಕೊಳ್ಳಬೇಕಾದವಳು ಊರು ಸುತ್ತುತ್ತಿದ್ದಾಳೆ ಎಂದುಕೊಂಡೆ.

ಎಳೇ ಸೊಪ್ಪು ತಂದು, ಸಾಸಿವೆಯಷ್ಟು ಸಣ್ಣಗೆ ಹೆಚ್ಚಿ, ಹಾಳೆಯ ಮೇಲೆ ಉದುರಿಸಿದೆ. ತಿನ್ನಲಿಲ್ಲ. ಕೋಳಿ ಪುಕ್ಕ ತಂದು ಮೆಲ್ಲಗೆ ಸೊಪ್ಪಿನ ಕಡೆಗೆ ಸವರಿದೆ. ತಟ್ಟೆಯನ್ನು ಕೈಗೆತ್ತಿಕೊಂಡು, "ತಿನ್ನಪ್ಪ, ನಾಚ್ಕೋಬೇಡ," ಎಂದೆ.

ಎದ್ದು ಹಾರಿದವು.

ನನ್ನ ಅರವತ್ತೆಂಟು ವರ್ಷದಲ್ಲಿ ಹುಟ್ಟಿದ ಗಳಿಗೆಯಲ್ಲೇ ಹಾರುವ ರೇಷ್ಮೆ ಹುಳ ಕಂಡವನಲ್ಲ. ಮೊದಲು ಹೊಸ ತಳಿ ಇರಬೇಕು ಎಂದುಕೊಂಡೆ. ಮೀಸೆಯ ಮೇಲೆ ಕೂತವು, ಕನ್ನಡಕದ ಮೇಲೆ ಕೂತವು, ಬೋಳುತಲೆಯ ಮೇಲೆ ಸಂತೆ ನೆರೆಯಿತು. ಆಗ ಮೇಡಂ ಮಾತು ನೆನಪಾಯಿತು. ಕಣಜ. ನಲವತ್ತು ಸಾವಿರ.

ತಟ್ಟೆ ಕೈಯಲ್ಲೇ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಓಡಿದೆ. ನೀರಿಗೆ ಬಿದ್ದರೆ ಕಣಜ ಬಿಡುತ್ತವೆ ಎಂದು ಕೇಳಿದ್ದೆ, ಅದಕ್ಕೆ ಕೆರೆ ಕಡೆಗೆ ಓಡಿದೆ. ಕತ್ತರಿ ಹಿಡಿದುಕೊಂಡು ಎದುರಿಗೆ ಬಂದ ಅಮ್ಮಾಜಮ್ಮ, ತಟ್ಟೆಯನ್ನೂ ನನ್ನನ್ನೂ ನೋಡಿ, ಸೀರೆ ಎತ್ತಿ ಕಟ್ಟಿ ಹಿಂದೆಯೇ ಬಂದಳು.

"ಬಾವ, ತಟ್ಟೆ ಬಿಸಾಕಬೇಡಿ."

"ಕಚ್ತವೆ ಕಣೇ."

"ಕಚ್ಚಲ್ಲ. ಬದು ಮೇಲೆ ಬೇಡ, ಗದ್ದೆ ಒಳಗೆ ಓಡಿ."

ಜೀವಭಯದಲ್ಲಿರುವವನು ಯಾರು ಏನು ಹೇಳಿದರೂ ಕೇಳುತ್ತಾನೆ. ಗದ್ದೆಗೆ ಇಳಿದೆ. ಆಚೆ ಕಡೆಯ ಬದುವಿನವರೆಗೆ ಓಡಿದೆ.

"ಆರು ಹೆಜ್ಜೆ ಬಿಟ್ಟು ತಿರುಗಿ ಬಾವ. ಹಾಂ, ಅಲ್ಲೇ. ತಟ್ಟೆ ಮೇಲೆತ್ತಬೇಡಿ, ಪೈರಿನ ಸಮಕ್ಕೆ ಹಿಡೀರಿ. ಮೂಲೆ ಬಿಟ್ರಿ ಬಾವ, ವಾಪಸ್ ಬನ್ನಿ."

ಉಳುವ ಎತ್ತನ್ನೂ ಯಾರೂ ಅಷ್ಟು ನೀಟಾಗಿ ತಿರುಗಿಸಿಲ್ಲ. ಒಂದು ಎಕರೆಯನ್ನು ಸಾಲು ಬಿಡದೆ ಮುಗಿಸಿದೆ. ನಾನು ಓಡಿದ ರಭಸಕ್ಕೆ ಕೆಸರಿನ ಅಲೆ ಎದ್ದು ಏರಿಗೆ ಬಡಿಯಿತು. ಏರಿಯ ಮೇಲೆ ಬೀಡಿ ಸೇದುತ್ತಿದ್ದ ಚನ್ನಕೇಶವ, ಬಾಯಲ್ಲಿದ್ದ ಬೀಡಿ ಮೀಸೆ ಸುಡುವವರೆಗೂ ನೋಡುತ್ತಾ ನಿಂತ. ಕಡೆಗೆ ಕೆಳಗಿನ ಮಡಿಯಲ್ಲಿ ಸೊಂಟದವರೆಗೆ ಹೂತುಕೊಂಡು ನಿಂತೆ. ಮೈ ಮುಟ್ಟಿ ನೋಡಿಕೊಂಡರೆ ಒಂದು ಕಡೆಯೂ ಕಚ್ಚಿರಲಿಲ್ಲ. ಅವಕ್ಕೆ ಮನುಷ್ಯರ ಚರ್ಮ ಚುಚ್ಚುವ ತ್ರಾಣವೇ ಇಲ್ಲವಂತೆ.

ನಗುವವರೆಲ್ಲ ನಕ್ಕರು. ಅಮ್ಮಾಜಮ್ಮ ನಗಲಿಲ್ಲ. ತಟ್ಟೆ ಇಸಿದುಕೊಂಡು ಕಾರ್ಡು ನೋಡಿದಳು. ಎಷ್ಟು ಗದ್ದೆಗೆ ಬಿದ್ದವೋ, ಎಷ್ಟು ಬೀದಿಯಲ್ಲಿ ಹೋದವೋ, ಯಾರಿಗೂ ಗೊತ್ತಿಲ್ಲ. ಇನ್ನೊಮ್ಮೆ ಕಾರ್ಡು ಬರಲು ಒಂದು ವಾರ. ನನಗೆ ಒದ್ದೆ, ಅವಮಾನ, ಕೋಪ ಮೂರೂ ಸೇರಿಕೊಂಡಿದ್ದವು.

"ಸಾಕು ನಿನ್ನ ಆಟ," ಎಂದೆ. "ನಾಳೆ ಬೆಳಿಗ್ಗೆ ಔಷಧಿ ಹೊಡೆಯೋದೇ."

ಅವಳು ಕತ್ತರಿಯನ್ನು ಸೆರಗಿನಲ್ಲಿ ಒರೆಸಿದಳು. "ಹೋದ ಸಲ ನಾನು ನಿಮ್ಮನ್ನ ಏನೂ ಕೇಳಲಿಲ್ಲ ಬಾವ," ಎಂದಳು. "ಈ ಸಲ ಕೇಳ್ತಿದೀನಿ."

ಹತ್ತು ವರ್ಷ ಅವಳು ಆ ಮಾತೆತ್ತಿರಲಿಲ್ಲ. ಕೆಸರಿನಲ್ಲಿ ನಿಂತವನಿಗೆ ಇನ್ನೂ ಕೆಳಗೆ ಇಳಿಯಲು ಜಾಗವಿರಲಿಲ್ಲ, ಇದ್ದಿದ್ದರೆ ಇಳಿಯುತ್ತಿದ್ದೆ. ಆರು ದಿನ ಕೊಟ್ಟೆ.

ಐದನೇ ದಿನಕ್ಕೆ ಭಾನುಪ್ರಿಯಾ ಮೇಡಂ ಬಂದು ಜಗಳಕ್ಕೆ ಒಂದು ಪರೀಕ್ಷೆ ಇಟ್ಟರು. ಗದ್ದೆಯಿಂದ ಪತಂಗದ ಮೊಟ್ಟೆ ಗುಂಪು ಹತ್ತು ಕಿತ್ತು, ಹತ್ತು ಸೀಸೆಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಇಡಬೇಕು. ಹೆಚ್ಚು ಸೀಸೆಯಲ್ಲಿ ಮರಿಹುಳ ಬಂದರೆ ನಾನು ಔಷಧಿ ಹೊಡೆಯಬಹುದು. ಕಣಜ ಬಂದರೆ ಹೊಡೆಯುವಂತಿಲ್ಲ. ಆರನೇ ದಿನದ ಮೇಲೆ ಇನ್ನೂ ಎರಡು ದಿನ ಕಾಯಬೇಕಾಗಬಹುದು ಎಂದರು. ಒಪ್ಪಿದೆ. ಯಾರೂ ಮೋಸ ಮಾಡಬಾರದೆಂದು ಮೊಟ್ಟೆಯನ್ನು ನಾನೇ ಕಿತ್ತೆ. ಉಪ್ಪಿನಕಾಯಿ ಸೀಸೆಗಳನ್ನು ತೊಳೆದು ನಮ್ಮ ಜಗಲಿಯಲ್ಲಿ ಸಾಲಾಗಿ ಇಟ್ಟೆ. ಪಕ್ಕದಲ್ಲೇ ಸ್ಪ್ರೇಯರ್, ಅದರ ಮೇಲೆ ಇನ್ನೂ ಸೀಲ್ ಒಡೆಯದ ಔಷಧಿ ಬಾಟಲಿ.

ಅಷ್ಟರಲ್ಲಿ ಅವಳ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಆಗ ಅವಕ್ಕೆ ಬರುವುದು ಹಸಿವಲ್ಲ, ಬೇರೆ ಏನೋ. ಅರವತ್ತು ಸಾವಿರ ಬಾಯಿ ಒಟ್ಟಿಗೆ ಸೊಪ್ಪು ಕಡಿಯುವ ಸದ್ದಿಗೆ ಬೀದಿಯ ನಾಯಿಗಳು ಕಿವಿ ನಿಮಿರಿಸಿ ಕೂರುತ್ತವೆ. ಅಮ್ಮಾಜಮ್ಮ ಸೊಪ್ಪು ಕೊಯ್ದಳು, ಹೊತ್ತಳು, ಹಾಕಿದಳು, ಮತ್ತೆ ಕೊಯ್ದಳು. ಬೇಕಾದ್ದಕ್ಕಿಂತ ಹೆಚ್ಚೇ ಕೊಯ್ದು ಒದ್ದೆ ಗೋಣಿಚೀಲದ ಕೆಳಗೆ ಒಟ್ಟಿದಳು. ಯಾಕೆಂದು ಚನ್ನಕೇಶವ ನನ್ನ ಕಿವಿಯಲ್ಲಿ ಹೇಳಿದ: ನೀನು ಹೊಡೆದೇಬಿಟ್ಟರೆ ಎರಡು ದಿನಕ್ಕಾದರೂ ಶುದ್ಧ ಸೊಪ್ಪಿರಲಿ ಅಂತ.

ಹೊರೆ ಹೊತ್ತು ಹೋಗುವಾಗಲೆಲ್ಲ ಅವಳು ಜಗಲಿಯ ಕಡೆ ನೋಡುತ್ತಿದ್ದಳು.

"ಬಂದ್ವಾ ಬಾವ?"

"ಇಲ್ಲಮ್ಮ."

ನಾನು ಆ ಸೀಸೆಗಳ ಮುಂದೆ ಕಾಯುತ್ತಾ ಕೂತಷ್ಟು ನನ್ನ ಮಗಳ ಹೆರಿಗೆಗೂ ಕೂತಿರಲಿಲ್ಲ ಎಂದು ಹೆಂಡತಿ ಅಂದಳು. ಸುಳ್ಳಲ್ಲ. ಮೊದಮೊದಲು ಮರಿಹುಳ ಬರಲಿ ಎಂದು ಕಾದೆ. ಎರಡನೇ ಸಂಜೆಯ ಹೊತ್ತಿಗೆ ಏನು ಬರಲಿ ಎಂದು ಕಾಯುತ್ತಿದ್ದೇನೆಂದು ನನಗೇ ತಿಳಿಯದಾಯಿತು. ಅವಳು ಗೋಣಿಚೀಲಕ್ಕೆ ನೀರು ಚಿಮುಕಿಸುವುದು ನಮ್ಮ ಜಗಲಿಗೆ ಕಾಣುತ್ತಿತ್ತು.

ಮಾರನೇ ಬೆಳಿಗ್ಗೆ ಎರಡು ಸೀಸೆಯಲ್ಲಿ ಕರಿ ತಲೆಯ ಮರಿಹುಳಗಳು ನೂಲು ಬಿಟ್ಟು ನೇತಾಡುತ್ತಿದ್ದವು. ಅಮ್ಮಾಜಮ್ಮ ಬಂದು ನೋಡಿ ಹೊರೆಯನ್ನು ಕೆಳಗಿಟ್ಟಳು. ಉಳಿದ ಎಂಟು ಸೀಸೆಯಲ್ಲಿ ಏನೂ ಇಲ್ಲ ಎಂದುಕೊಂಡೆ. ಕನ್ನಡಕ ಒರೆಸಿ, ಬೆಳಕಿಗೆ ಹಿಡಿದು ನೋಡಿದರೆ ಗಾಜಿನ ಒಳಗೆ ಧೂಳು. ಧೂಳು ನಡೆಯುತ್ತಿತ್ತು.

ಎಂಟರಲ್ಲೂ ಕಣಜ. ಹೆಂಡತಿ ಕಾಫಿಪುಡಿ ಡಬ್ಬಿ ಬಡಿದು ಬೀದಿಯವರನ್ನೆಲ್ಲ ಕರೆದಳು. ರಾಮಾಂಜಿನಪ್ಪ ಬಂದು, ನೋಡಿ, ತನ್ನ ಖಾಲಿ ಸೈಟು ಇನ್ನು ಬೇಕಾಗುವುದಿಲ್ಲವಲ್ಲ ಎಂದು ಕೇಳಿಕೊಂಡು ಹೋದ.

ಭಾನುಪ್ರಿಯಾ ಮೇಡಂ ಹತ್ತು ಗಂಟೆಗೆ ಬಂದು, ಭೂತಗನ್ನಡಿ ಹಿಡಿದು, ಒಂದೊಂದೇ ಸೀಸೆ ನೋಡಿದರು. ಮೂರು ಸೀಸೆಯನ್ನು ಈ ಕಡೆ ಇಟ್ಟರು, ಐದನ್ನು ಆ ಕಡೆ.

"ಈ ಮೂರರಲ್ಲಿರೋದು ನೀವು ಓಡಿ ಬಿಟ್ಟ ಜಾತಿ ಅಂಕಲ್," ಎಂದರು.

"ಮತ್ತೆ ಆ ಐದು?"

"ಅವು ಬೇರೆ. ಅದರಲ್ಲೂ ಎರಡು ಥರ ಇದಾವೆ. ನಾವು ಬಿಟ್ಟಿದ್ದಲ್ಲ, ಇಲ್ಲಿಯವೇ. ನಿಮ್ಮ ಗದ್ದೆ ಬದೂಲಿ, ಹುಲ್ಲಲ್ಲಿ ಮೊದಲಿಂದ ಇದ್ದವು. ಭತ್ತ ಬಂತು, ಪತಂಗ ಬಂತು, ಹಿಂದೆಯೇ ಇವೂ ಬಂದಿದಾವೆ. ಒಂದು ಸಲ ಔಷಧಿ ಹೊಡೆದಿದ್ರೆ ಕೊರಕಕ್ಕಿಂತ ಮೊದಲು ಇವೇ ಹೋಗಿರೋವು. ಕೊರಕ ಕಾಂಡದೊಳಗೆ ಬೆಚ್ಚಗಿರುತ್ತೆ, ಇವು ಹೊರಗಿರ್ತವೆ."

ಅವುಗಳ ಹೆಸರನ್ನೂ ಹೇಳಿದರು. ನನ್ನ ನಾಲಿಗೆ ಆ ಹೆಸರಿನ ಅರ್ಧ ದಾರಿಗೆ ಹೋಗಿ ವಾಪಸ್ ಬಂತು. ಹುಳ ಕಂಡರೆ ಕುಲ ಹೇಳುವವನು ನನ್ನದೇ ಬದುವಿನ ಮೇಲೆ ಸಂಸಾರ ಹೂಡಿದ್ದವರನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ. ಔಷಧಿ ಬಾಟಲಿಯನ್ನು ಸೀಲ್ ಒಡೆಯದೆ ಅಂಗಡಿಗೆ ವಾಪಸ್ ಕೊಟ್ಟು ಬಂದೆ. ಒಣಗಿದ್ದ ಸುಳಿ ಒಣಗಿದ್ದವು. ಹೊಸದಾಗಿ ಒಣಗುವುದು ಕಡಿಮೆಯಾಗುತ್ತಾ ಬಂತು.

ಎರಡು ದಿನ ಬಿಟ್ಟು ಅಮ್ಮಾಜಮ್ಮನ ಹುಳ ಹಣ್ಣಾದವು. ಹಣ್ಣಾಗುವುದೆಂದರೆ, ಸೊಪ್ಪು ಬಿಟ್ಟು, ಮೈ ಗಾಜಿನಂತೆ ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಅರವತ್ತು ಸಾವಿರವನ್ನು ಒಂದೇ ದಿನ. ಮನೆಯವರು ಸಾಲುವುದಿಲ್ಲ, ಬೀದಿಗೆ ಬೀದಿಯೇ ಕೂರುತ್ತದೆ. ನನ್ನನ್ನೂ ಕರೆದಳು. ಸುಣ್ಣ ಎರಡು ಸಲ ತುಳಿಸಿದಳು. ಮೀಸೆಯಲ್ಲಿ ಒಗ್ಗರಣೆ ವಾಸನೆ ಇದೆಯೆಂದು ಅದನ್ನೂ ತೊಳೆಸಿದಳು.

ಅವಳ ಎದುರಿಗೆ ಕೂತು ಹುಳ ಆರಿಸತೊಡಗಿದೆ. ಬೆರಳಲ್ಲಿ ಹಿಡಿದರೆ ತಣ್ಣಗೆ, ದ್ರಾಕ್ಷಿ ಹಣ್ಣಿನ ಹಾಗೆ ಬೆಳಕು ಬಿಡುತ್ತಿದ್ದವು. ಅವಳ ಕೈ ನಾಲ್ಕು ಹುಳ ಬಿಡುವಷ್ಟರಲ್ಲಿ ನನ್ನದು ಒಂದು. ಆ ಐದು ಸೀಸೆಯ ವಿಷಯ ಮಾತ್ರ ನನ್ನ ತಲೆಯಿಂದ ಇಳಿದಿರಲಿಲ್ಲ.

"ಅಲ್ಲ ಅಮ್ಮಾಜಿ," ಎಂದೆ, "ಹುಟ್ಟಿದಾಗಿಂದ ಅದೇ ಬದೂಲಿ ತಿರುಗ್ತಾ ಇದ್ದೀನಿ. ಅಷ್ಟು ವರ್ಷ ಅವು ಅಲ್ಲೇ ಇದ್ದವಂತೆ. ಒಂದು ದಿನನಾದ್ರೂ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ."

ಅವಳು ತಲೆ ಎತ್ತಲಿಲ್ಲ. ಇನ್ನೊಂದು ಹುಳವನ್ನು ಚಂದ್ರಿಕೆಗೆ ಬಿಟ್ಟಳು.

"ಬಿದ್ದಿದ್ರೆ ಉಳೀತಿದ್ವಾ ಬಾವ?"